ಇಪ್ಪತ್ತಮೂರು ಎಂಬ ಇಬ್ಬರು

ಎರಡು ವಸ್ತುಗಳು ಬೇರೆ ಬೇರೆ ಎನ್ನುತ್ತೇವಲ್ಲ, ಆ ಬೇರೆತನ ಇರುವುದೆಲ್ಲಿ? ವಸ್ತುವಿನೊಳಗೋ, ನಾವಿಟ್ಟ ಹೆಸರಿನಲ್ಲೋ, ನೋಡುವವರ ಬುದ್ಧಿಯಲ್ಲೋ? ವೇದಾಂತಿಗಳು ಇದನ್ನು ಭೇದವಿಚಾರ ಎಂದು ಕರೆದು ನೂರಾರು ವರ್ಷ ವಾದ ಮಾಡಿದ್ದಾರೆ. ಆ ವಾದ ನನ್ನ ಕಿವಿಗೆ ಮೊದಲು ಬಿದ್ದದ್ದು ಚಿಕ್ಕಂದಿನಲ್ಲಿ, ತಾತನ ಬಾಯಿಂದ. ಅದು ಅರ್ಥವಾಗತೊಡಗಿದ್ದು ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಸುತ್ತಿನ ಟೊಮೇಟೊ ಹೊಲಗಳಲ್ಲಿ, ಮಣ್ಣಿನ ತೇವ ಅಳೆಯುವ ಪುಟ್ಟ ರೇಡಿಯೊ ಪೆಟ್ಟಿಗೆಗಳಿಗೆ ಒಂದೊಂದು ನಂಬರು ಕೊಡುವ ಕೆಲಸಕ್ಕೆ ಇಳಿದ ಮೇಲೆ.

ಮುಳಬಾಗಿಲು ತಾಲ್ಲೂಕಿನವರಿಗೆ ಇದು ಮನೆಯ ಜಗಲಿಯ ವಾದ. ಪಟ್ಟಣದ ಅಂಚಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. 15ನೇ ಶತಮಾನದ ಆ ದ್ವೈತ ಯತಿಗಳು ಜಯತೀರ್ಥರ ‘ನ್ಯಾಯಸುಧಾ’ಕ್ಕೆ ‘ವಾಗ್ವಜ್ರ’ ಎಂಬ ವ್ಯಾಖ್ಯಾನ ಬರೆದ ಪಂಡಿತರು, ಕನ್ನಡದಲ್ಲಿ ದೇವರನಾಮ ಹಾಡಿದ ದಾಸರೂ ಹೌದು. ಅವರ ಬಳಿ ಓದಿದ ವ್ಯಾಸತೀರ್ಥರು ಮುಂದೆ ‘ನ್ಯಾಯಾಮೃತ’ ಬರೆದರು. ಭೇದದ ಪಕ್ಷವನ್ನು ಎತ್ತಿಹಿಡಿಯಲೆಂದೇ ‘ಭೇದೋಜ್ಜೀವನ’ ಬರೆದರು. ಇದೇ ತಾಲ್ಲೂಕಿನ ಆವಣಿಯಲ್ಲಿ, ರಾಮಲಿಂಗೇಶ್ವರನ ಗುಡಿಗಳಿರುವ ಊರಿನಲ್ಲಿ, ಶೃಂಗೇರಿ ಪರಂಪರೆಯ ಅದ್ವೈತ ಮಠವಿದೆ. ಒಂದು ತಾಲ್ಲೂಕು, ಎರಡು ಪೀಠ. ಒಂದು ಕಡೆ ಭೇದವೇ ಸತ್ಯ, ಇನ್ನೊಂದು ಕಡೆ ಭೇದವೆಲ್ಲ ನಾಮರೂಪ.

ನಮ್ಮದು ಆವಣಿ ಮಠದ ಶಿಷ್ಯರ ಮನೆ. ತಾತ ಮುಳಬಾಗಿಲಿಗೆ ಹೋದಾಗಲೆಲ್ಲ ನರಸಿಂಹತೀರ್ಥಕ್ಕೆ ಹೋಗಿ ಭಕ್ತಿಯಿಂದ ನಮಸ್ಕಾರ ಮಾಡಿ ಬರುತ್ತಿದ್ದರು. ಮತದ ಮಾತು ಬಂದಾಗ ಮಾತ್ರ ಒಂದು ಹೆಜ್ಜೆಯೂ ಬಿಟ್ಟುಕೊಡುತ್ತಿರಲಿಲ್ಲ. ಅವರು ಮತ್ತೆ ಮತ್ತೆ ಹೇಳುತ್ತಿದ್ದ ವಾದ ಮಂಡನಮಿಶ್ರರ ಕಾಲದಿಂದ ಬಂದದ್ದು: ‘ಇದು ಅದಲ್ಲ’ ಎನ್ನಬೇಕಾದರೆ ‘ಇದು’, ‘ಅದು’ ಎಂಬ ಎರಡಿವೆ ಎಂದು ಮೊದಲೇ ತಿಳಿದಿರಬೇಕು. ಎರಡಿವೆ ಎಂದು ತಿಳಿಯಬೇಕಾದರೆ ಒಂದು ಇನ್ನೊಂದಲ್ಲ ಎಂದು ಮೊದಲೇ ತಿಳಿದಿರಬೇಕು. ಭೇದವನ್ನು ಅರಿಯಲು ಭೇದದ ಅರಿವೇ ಬೇಕು. ಒಂದರ ಹೆಗಲ ಮೇಲೆ ಇನ್ನೊಂದು, ಅದರ ಹೆಗಲ ಮೇಲೆ ಇದು. ಇದಕ್ಕೆ ಅನ್ಯೋನ್ಯಾಶ್ರಯ ದೋಷ ಎಂದು ಹೆಸರು. ಹಾಗಾಗಿ ಭೇದ ಎಂಬುದು ವಿಚಾರಕ್ಕೆ ನಿಲ್ಲುವುದಿಲ್ಲ ಎಂದು ತಾತನ ತೀರ್ಮಾನ. ಹದಿನಾರು ವಯಸ್ಸಿನ ನನಗೆ ಅದು ಮಾತಿನ ಚಮತ್ಕಾರದಂತೆ ಕೇಳಿಸುತ್ತಿತ್ತು.

ಬೈರಕೂರು ಹೋಬಳಿ ಆಂಧ್ರದ ಗಡಿಯ ಕಡೆಗಿದೆ. ಇಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮುಗಿಯುತ್ತದೆ. ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಯಲ್ಲೇ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲವಾದರೆ ಕೊಳವೆಬಾವಿ. ಅದೂ ಸಾವಿರ ಅಡಿ ದಾಟಿದ್ದು ಎಷ್ಟೋ. ಕೆಳಗಿರುವುದು ಗಟ್ಟಿ ಬಂಡೆ. ನೀರಿರುವುದು ಅದರ ಬಿರುಕುಗಳಲ್ಲಿ. ಒಬ್ಬರ ಬೋರಿನಲ್ಲಿ ಎರಡು ಇಂಚು ನೀರು ಬಂದರೆ ಬದುವಿನಾಚೆಯ ಬೋರಿನಲ್ಲಿ ಬರೀ ದೂಳು. ಇಂಥ ಕಡೆ ಟೊಮೇಟೊ ಬೆಳೆಯುವವರು ಕರೆಂಟು ಇರುವಷ್ಟು ಹೊತ್ತಿನಲ್ಲಿ ಯಾವ ಮಡಿಗೆ ಎಷ್ಟು ಡ್ರಿಪ್ ಬಿಡಬೇಕು ಎಂದು ಲೆಕ್ಕ ಹಾಕಿಯೇ ಬದುಕಬೇಕು. ಆ ಲೆಕ್ಕಕ್ಕೆ ಒತ್ತಾಸೆಯಾಗಲೆಂದು ಹೊಲದಲ್ಲಿ ತೇವದ ಸೆನ್ಸರ್ ನೆಡುತ್ತೇವೆ. ಮಣ್ಣಿನಲ್ಲಿ ಇಳಿದ ಒಂದು ಕಡ್ಡಿ, ಮೇಲೊಂದು ಪೆಟ್ಟಿಗೆ, ಅದರೊಳಗೆ ಬ್ಯಾಟರಿ, ರೇಡಿಯೊ. ಇದನ್ನು ನೋಡ್ ಎನ್ನುತ್ತೇವೆ. ಹತ್ತಾರು ನೋಡ್‌ಗಳು ಒಂದರಿಂದ ಒಂದಕ್ಕೆ ಮಾತು ದಾಟಿಸಿ ಒಂದು ಗೇಟ್‌ವೇಗೆ ತಲುಪಿಸುತ್ತವೆ, ಅಲ್ಲಿಂದ ರೈತರ ಫೋನಿಗೆ. ಯಾವ ಮಾತು ಯಾವ ನೋಡಿನದೆಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ನಂಬರು ಬೇಕು.

ಹೋಬಳಿಗೊಂದರಂತೆ ಇರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳಿಗೆ, ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಗೆ ಈ ನಂಬರಿನ ಕಷ್ಟವಿಲ್ಲ. ಅವು ಮೊಬೈಲ್ ಜಾಲದಲ್ಲೇ ಮಾತಾಡುತ್ತವೆ, ನಂಬರು ಜೊತೆಯಲ್ಲೇ ಬರುತ್ತದೆ. ಕಷ್ಟ ಬರುವುದು ಸಿಮ್ ಇಲ್ಲದ, ಅಗ್ಗದ, ರಾಶಿಯಾಗಿ ಹಾಕುವ ನೋಡ್‌ಗಳಿಗೆ. ಕರ್ನಾಟಕದಲ್ಲಿ ಈ ದಾರಿಯನ್ನು ಬೇಗನೆ ಹಿಡಿದವರು ಭಾರತೀಯ ವಿಜ್ಞಾನ ಸಂಸ್ಥೆಯವರು. ಸ್ವಿಟ್ಜರ್ಲೆಂಡಿನ ಲೋಸಾನ್‌ನ ತಾಂತ್ರಿಕ ಸಂಸ್ಥೆಯ ಜೊತೆ ಸೇರಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಶ್ರಿತ ಸಣ್ಣ ರೈತರಿಗಾಗಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಜಾಲ ಕಟ್ಟಿ, 2007ರಲ್ಲಿ ಅದರ ಬಗ್ಗೆ ಬರೆದರು. ಪಾವಗಡದ ಬಯಲೂ ನಮ್ಮದರಂತೆಯೇ, ಮಳೆ ಕೈಕೊಟ್ಟರೆ ಎಲ್ಲ ಕೈಕೊಟ್ಟಂತೆ. ಆ ಕಾಲದ ಇಂಥ ನೋಡ್‌ಗಳಲ್ಲಿ ಸಾಮಾನ್ಯವಾಗಿ ಓಡುತ್ತಿದ್ದದ್ದು ಬರ್ಕ್ಲಿಯಲ್ಲಿ ಹುಟ್ಟಿದ ಟೈನಿಓಎಸ್. ಅದರಲ್ಲಿ ನಂಬರು ಕೊಡುವ ರೀತಿ ಬಹಳ ಸರಳ: ತಂತ್ರಾಂಶ ತುಂಬುವ ಆಜ್ಞೆಯ ಕೊನೆಗೆ ಒಂದು ಅಂಕಿ ಬರೆಯುವುದು. 5 ಎಂದು ಬರೆದರೆ ಆ ಪೆಟ್ಟಿಗೆ 5. ಕೈಯಲ್ಲಿ ಹಿಡಿದವರೇ ನಾಮಕರಣ ಮಾಡುವವರು.

ಇಷ್ಟು ಚಿಕ್ಕ ನಂಬರು ಏಕೆ ಎಂದು ಕೇಳಬಹುದು. ಈಗಿನ ಬಹುಪಾಲು ರೇಡಿಯೊ ಚಿಪ್‌ಗಳಿಗೆ ಕಾರ್ಖಾನೆಯಲ್ಲೇ 64 ಬಿಟ್ಟಿನ ಉದ್ದದ ನಂಬರು ಬರುತ್ತದೆ; ಲೋಕದಲ್ಲಿ ಇನ್ನೊಂದಕ್ಕೆ ಅದು ಇರಬಾರದು. ಆದರೆ ಈ ರೇಡಿಯೊಗಳಿಗಾಗಿ 2003ರಲ್ಲಿ ಬಂದ ಮಾನದಂಡದಲ್ಲಿ ಒಂದು ಪ್ಯಾಕೆಟ್ 127 ಬೈಟ್ ಮೀರುವಂತಿಲ್ಲ. ಕಳಿಸುವವರದು, ಪಡೆಯುವವರದು ಎಂದು ಎರಡು ಉದ್ದ ನಂಬರು ಬರೆದರೆ 16 ಬೈಟ್ ಹೋಯಿತು. ಮಣ್ಣಿನ ತೇವದ ಅಳತೆಗೆ ಎರಡು ಬೈಟ್ ಸಾಕು. ಎರಡು ಬೈಟಿನ ಮಾತಿಗೆ ಹದಿನಾರು ಬೈಟಿನ ಹೆಸರು ಕೂಗುತ್ತಾ ಹೋದರೆ ಬ್ಯಾಟರಿ ಹೆಸರು ಹೇಳುವುದರಲ್ಲೇ ಬರಿದಾಗುತ್ತದೆ. ಅದಕ್ಕೇ ಜಾಲದ ಒಳಗೆ 16 ಬಿಟ್ಟಿನ ಕಿರುನಂಬರು ಬಳಸುತ್ತಾರೆ. ಅದರಲ್ಲಿ 65535 ಎಂದರೆ ‘ಎಲ್ಲರೂ’. 65534 ಎಂದರೆ ‘ಈ ಜಾಲಕ್ಕೆ ಸೇರಿದ್ದೇನೆ, ನನಗೆ ಕಿರುನಂಬರು ಮಾತ್ರ ಇಲ್ಲ’. ಮಾನದಂಡ ಬರೆದವರು ಅಂಥವರಿಗೂ ಒಂದು ಗುರುತು ಇಟ್ಟಿದ್ದಾರೆ ಎನ್ನುವುದು ನನಗೆ ಇವತ್ತಿಗೂ ಹಿಡಿಸುವ ಸಂಗತಿ.

ಈಗ ತಾತನ ವಾದಕ್ಕೆ ಬರುತ್ತೇನೆ. ಕಾರ್ಖಾನೆಯ ನಂಬರೂ ಇಲ್ಲದ, ಎಲ್ಲ ರೀತಿಯಲ್ಲೂ ಒಂದೇ ಥರದ ಎರಡು ನೋಡ್‌ಗಳಿವೆ ಎನ್ನಿ. ಎರಡೂ ಒಟ್ಟಿಗೆ ‘ನನಗೊಂದು ನಂಬರು ಕೊಡಿ’ ಎಂದು ಕೇಳಿದವು. ಗೇಟ್‌ವೇ ‘ನಿನಗೆ 7’ ಎಂದು ಉತ್ತರಿಸಿತು. ‘ನಿನಗೆ’ ಎಂದರೆ ಯಾರಿಗೆ? ರೇಡಿಯೊದಲ್ಲಿ ಹೊರಟ ಮಾತು ಇಬ್ಬರಿಗೂ ಕೇಳುತ್ತದೆ. ಇಬ್ಬರೂ 7 ಎಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಒಬ್ಬರಿಗೇ ತಲುಪುವಂತೆ ಉತ್ತರ ಕಳಿಸಬೇಕಾದರೆ ಅವರಿಗೆ ಮೊದಲೇ ಬೇರೆ ಬೇರೆ ನಂಬರು ಇರಬೇಕು. ನಂಬರು ಕೊಡಲು ನಂಬರು ಬೇಕು. ಬೇರೆ ಮಾಡಲು ಬೇರೆಯಾಗಿರಬೇಕು. ಇದು ಶುದ್ಧ ಅನ್ಯೋನ್ಯಾಶ್ರಯ. ತಾತ ಜಗಲಿಯ ಮೇಲೆ ಹೇಳುತ್ತಿದ್ದದ್ದನ್ನು ನಾನು ರೇಡಿಯೊ ಜಾಲದ ಪಾಠದಲ್ಲಿ ಅಕ್ಷರಶಃ ಕಂಡೆ.

ಇದು ನನ್ನೊಬ್ಬನ ಊಹೆಯೂ ಅಲ್ಲ. 1980ರಲ್ಲಿ ಡಾನಾ ಆಂಗ್ಲುಯಿನ್ ಎಂಬ ಗಣಕ ವಿಜ್ಞಾನಿ ಇದನ್ನು ಗಣಿತದಿಂದಲೇ ಸಾಧಿಸಿ ತೋರಿಸಿದರು. ಒಂದೇ ಥರದ ಯಂತ್ರಗಳನ್ನು ಉಂಗುರದಂತೆ ಜೋಡಿಸಿ, ಎಲ್ಲಕ್ಕೂ ಒಂದೇ ಕಾರ್ಯಸೂಚಿ ಕೊಟ್ಟು, ಯಾವುದಕ್ಕೂ ಹೆಸರಿಡದೆ, ತಮ್ಮಲ್ಲೇ ಒಬ್ಬ ನಾಯಕನನ್ನು ಆರಿಸಿಕೊಳ್ಳಿ ಎಂದರೆ ಅವುಗಳಿಂದ ಆಗುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಒಂದು ಮಾಡಿದ್ದನ್ನೇ ಎಲ್ಲವೂ ಮಾಡುತ್ತವೆ, ಎರಡನೆಯದರಲ್ಲೂ ಅಷ್ಟೆ, ಕೊನೆಯವರೆಗೂ ಅಷ್ಟೆ. ಒಂದು ‘ನಾನು ನಾಯಕ’ ಎಂದ ಕ್ಷಣ ಎಲ್ಲವೂ ಹಾಗೇ ಎನ್ನುತ್ತವೆ. ಮರುವರ್ಷ ಇತಾಯಿ ಮತ್ತು ರೋಡೆ ಎಂಬಿಬ್ಬರು ದಾರಿ ತೋರಿಸಿದರು: ಪ್ರತಿ ಯಂತ್ರವೂ ಚೀಟಿ ಎತ್ತಲಿ. ಒಂದರ ಚೀಟಿ ಇನ್ನೊಂದರದಕ್ಕಿಂತ ಬೇರೆ ಬಂದ ಗಳಿಗೆಯಲ್ಲಿ ಕಟ್ಟು ಬಿಚ್ಚುತ್ತದೆ. ಅಂದರೆ ದಾರಿ ಎರಡೇ. ಭೇದ ಮೊದಲೇ ಇರಬೇಕು, ಇಲ್ಲವೇ ಎಲ್ಲಿಂದಲೋ ಒಳಕ್ಕೆ ಬರಬೇಕು. ಪೂರ್ತಿ ಒಂದೇ ಆದದ್ದರಿಂದ, ಅದರ ಒಳಗಿನಿಂದ, ನಿಯಮದ ಬಲದಿಂದ ಮಾತ್ರ ಎರಡು ಹುಟ್ಟುವುದಿಲ್ಲ.

ಹಾಗಾದರೆ ಹೊಲದಲ್ಲಿ ಆಗುವುದೇನು?

ಒಂದು ಬೇಸಿಗೆ, ಬೈರಕೂರಿನ ಹತ್ತಿರದ ಹಳ್ಳಿಯೊಂದರಲ್ಲಿ, ಹೊರಗಿನಿಂದ ತರಿಸಿದ ಒಂದು ಕಂತಿನ ನೋಡ್‌ಗಳನ್ನು ನೆಟ್ಟೆವು. ತಂತ್ರಾಂಶ ತುಂಬಿಯೇ ಬಂದಿದ್ದವು. ಕೆಲವು ದಿನಕ್ಕೆ ಒಬ್ಬ ರೈತ ಹೆಣ್ಣುಮಗಳು ಫೋನ್ ಮಾಡಿದಳು. ಅವಳ ಟೊಮೇಟೊ ಕೆರೆಕಟ್ಟೆಯ ಕೆಳಗಿನ ಜಮೀನಿನಲ್ಲಿ. ಕೋಲು ಕಟ್ಟಿ ಆಗಿತ್ತು, ಹೂವು ಕಾಯಿಗೆ ತಿರುಗುವ ಹೊತ್ತು. ಫೋನಿನ ಪರದೆಯಲ್ಲಿ 23ನೇ ನೋಡಿನ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು.

“ಅಣ್ಣಾ, ಒಂದ್ಸಲ ನೆಂದೈತೆ ಅಂತದೆ, ಒಂದ್ಸಲ ಒಣಗೈತೆ ಅಂತದೆ. ಮಣ್ಣು ಹಂಗೆ ಆಡಲ್ಲಣ್ಣ. ನೆಂದಿದ್ದು ನಿಧಾನಕ್ಕೆ ಒಣಗ್ತದೆ. ಇಲ್ಲಿ ಒಬ್ಬರು ಮಾತಾಡ್ತಿಲ್ಲ, ಇಬ್ಬರು ಮಾತಾಡ್ತಾವ್ರೆ.”

ಗೇಟ್‌ವೇಯ ದಾಖಲೆ ತೆಗೆದು ನೋಡಿದೆ. ಪ್ರತಿ ಸಾಲಿನಲ್ಲೂ ನೋಡಿನ ನಂಬರು, ಅದು ಕಳಿಸಿದ ಎಷ್ಟನೆಯ ಪ್ಯಾಕೆಟ್ ಎಂಬ ಎಣಿಕೆ, ತೇವದ ಶೇಕಡಾ ಲೆಕ್ಕ. 23, 118, 31. ಅದರ ಕೆಳಗೆ 23, 41, 14. ಆಮೇಲೆ 23, 119, 31. ಆಮೇಲೆ 23, 42, 14. ಅವಳು ಹೇಳಿದ್ದು ಸರಿ. ಪೆಟ್ಟಿಗೆಗಳನ್ನು ತುಂಬಿದ ಕಡೆ ಎರಡಕ್ಕೆ ಒಂದೇ ಅಂಕಿ ಬಿದ್ದಿತ್ತು. ಒಂದು ಅವಳ ಕಟ್ಟೆ ಕೆಳಗಿನ ಮಡಿಯಲ್ಲಿ, ಇನ್ನೊಂದು ಅವಳ ಮೈದುನನ ದಿನ್ನೆಯ ಹೊಲದಲ್ಲಿ.

ಆ ನಾಲ್ಕು ಸಾಲುಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಹೆಸರು ಒಂದೇ. ಆದರೂ ಇಬ್ಬರೂ ಒಬ್ಬರೊಳಗೊಬ್ಬರು ಕಲೆತುಹೋಗಿರಲಿಲ್ಲ. 118ರ ನಂತರ 119 ಬಂತೇ ಹೊರತು 42 ಅದರ ಮುಂದುವರಿಕೆ ಎಂದು ಯಾರೂ ತಪ್ಪು ತಿಳಿಯುವಂತಿರಲಿಲ್ಲ. ಒಂದೊಂದೂ ತನ್ನ ಎಣಿಕೆಯನ್ನು ತಾನು ನಡೆಸಿಕೊಂಡು ಹೋಗುತ್ತಿತ್ತು, ತನ್ನ ಮಣ್ಣನ್ನು ತಾನು ಅಳೆಯುತ್ತಿತ್ತು. ಒಂದರ ಸಿಗ್ನಲ್ ಬಲವಾಗಿತ್ತು, ಇನ್ನೊಂದರದು ಕ್ಷೀಣ. ಗಡಿಯಾರಗಳ ನಡಿಗೆಯೂ ಬೇರೆ. ಭೇದಕ್ಕೆ ಬೇಕಾದದ್ದೆಲ್ಲ ಇತ್ತು. ಇಲ್ಲದೇ ಹೋದದ್ದು ಒಂದೇ: ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕರೆಯುವ ದಾರಿ. ನೋಡಿಗೆ ಡ್ರಿಪ್‌ನ ವಾಲ್ವನ್ನೂ ಜೋಡಿಸಿ ‘23, ವಾಲ್ವ್ ತೆರೆ’ ಎಂದರೆ ಒಣಗಿದ ದಿನ್ನೆಯ ವಾಲ್ವೂ ತೆರೆಯುತ್ತದೆ, ನೆಂದು ನಿಂತ ಕೆಳಮಡಿಯ ವಾಲ್ವೂ ತೆರೆಯುತ್ತದೆ. ಒಬ್ಬನಿಗೆ ಬೇಕಾದ ನೀರು ಇನ್ನೊಬ್ಬನ ಬೇರು ಕೊಳೆಸುತ್ತದೆ. ನಮ್ಮ ಕಡೆ ಬೀದಿಯಲ್ಲಿ ನಿಂತು ‘ಮುನಿಯಪ್ಪಾ’ ಎಂದು ಕೂಗಿದರೆ ನಾಲ್ಕು ಬಾಗಿಲಲ್ಲಿ ನಾಲ್ಕು ಮುಖ ಕಾಣಿಸುತ್ತವೆ. ಯಾವ ಮುನಿಯಪ್ಪನಿಗೂ ತಾನು ಯಾರೆಂಬ ಗೊಂದಲವಿಲ್ಲ. ಗೊಂದಲ ಕೂಗಿದವನಿಗೆ.

ಅಂದಿನಿಂದ ನನಗೆ ಒಂದು ವಿಷಯದಲ್ಲಿ ಸಂಶಯ ಉಳಿದಿಲ್ಲ. ವಿಳಾಸ ಇರವನ್ನು ಕೊಡುವುದಿಲ್ಲ, ಕರೆಯನ್ನು ಕೊಡುತ್ತದೆ. ನಂಬರು ಬಿದ್ದದ್ದರಿಂದ ಅವು ಎರಡಾಗಲಿಲ್ಲ. ಎರಡಾಗಿದ್ದವು, ಆದ್ದರಿಂದಲೇ ಒಂದೇ ನಂಬರು ತಪ್ಪಾಯಿತು.

ತಾತ ಇದ್ದಿದ್ದರೆ ಇಲ್ಲಿ ತಡೆಯುತ್ತಿದ್ದರು: ‘ಎಣಿಕೆ, ಗಡಿಯಾರ, ಜಾಗ, ಇವೆಲ್ಲ ಮತ್ತೂ ಉಪಾಧಿಗಳೇ ಅಲ್ಲವೇನೋ? ಅವನ್ನು ತೆಗೆ. ಆಮೇಲೆ ಏನು ಉಳಿಯುತ್ತದೆ ಹೇಳು.’ ಪ್ರಶ್ನೆ ಸಾಧಾರಣದ್ದಲ್ಲ. 1952ರಲ್ಲಿ ಮ್ಯಾಕ್ಸ್ ಬ್ಲ್ಯಾಕ್ ಎಂಬ ದಾರ್ಶನಿಕ ಇದನ್ನೇ ತನ್ನ ರೀತಿಯಲ್ಲಿ ಕೇಳಿದ: ಬೇರೇನೂ ಇಲ್ಲದ ಬರಿಯ ಅವಕಾಶದಲ್ಲಿ ಎಲ್ಲ ಗುಣದಲ್ಲೂ ಒಂದೇ ಆದ ಎರಡು ಕಬ್ಬಿಣದ ಗೋಳಗಳಿದ್ದರೆ, ಅವು ಎರಡು ಎನ್ನಲು ಆಧಾರವೇನು? ಬ್ಲ್ಯಾಕನಿಗಿಂತ ಎಷ್ಟೋ ಶತಮಾನ ಮೊದಲು ನಮ್ಮ ವೈಶೇಷಿಕರು ಈ ಕಷ್ಟವನ್ನು ಎದುರಿಸಿದ್ದರು. ಮಣ್ಣಿನ ಎರಡು ಪರಮಾಣುಗಳು ಗುಣದಲ್ಲಿ ಒಂದೇ, ಕ್ರಿಯೆಯಲ್ಲಿ ಒಂದೇ. ಅವನ್ನು ಬೇರೆ ಮಾಡುವುದು ಯಾವುದು? ಪ್ರತಿ ನಿತ್ಯದ್ರವ್ಯದಲ್ಲೂ ಅದೊಂದಕ್ಕೇ ಸೇರಿದ ‘ವಿಶೇಷ’ ಎಂಬ ಪದಾರ್ಥವಿದೆ, ಯೋಗಿಗಳು ಅದರಿಂದಲೇ ‘ಇದು ಅದಲ್ಲ’ ಎಂದೂ ‘ಅಂದು ಕಂಡದ್ದೇ ಇದು’ ಎಂದೂ ಅರಿಯುತ್ತಾರೆ ಎಂದು ಅವರಲ್ಲೊಬ್ಬನಾದ ಪ್ರಶಸ್ತಪಾದ ಹೇಳುತ್ತಾನೆ. ಸರಿ, ಆ ವಿಶೇಷಗಳನ್ನು ಒಂದರಿಂದೊಂದು ಬೇರೆ ಮಾಡುವುದು ಯಾವುದು? ಅವು ತಮ್ಮಷ್ಟಕ್ಕೆ ತಾವೇ ಬೇರೆ ಎಂದು ಉತ್ತರ. ಕಾರ್ಖಾನೆಯವರು ಪ್ರತಿ ಚಿಪ್ಪಿಗೆ 64 ಬಿಟ್ಟಿನ ನಂಬರು ಕೆತ್ತಿ ಕಳಿಸುವುದು ಈ ವಿಶೇಷದ ಆಸೆಯೇ: ಲೋಕದಲ್ಲಿ ಮತ್ತೊಂದಕ್ಕಿಲ್ಲದ ಒಂದು ಗುರುತು ಒಳಗೇ ಇರಲಿ.

ಮಧ್ವರು ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಗುರುತು ತನ್ನಷ್ಟಕ್ಕೆ ಬೇರೆಯಾಗಿರಬಲ್ಲದು ಎಂದಾದರೆ ವಸ್ತುವೇ ಏಕೆ ಹಾಗಿರಬಾರದು? ಭೇದ ಎಂಬುದು ವಸ್ತುವಿಗೆ ಅಂಟಿಸಿದ ಚೀಟಿಯಲ್ಲ, ಅದು ವಸ್ತುವಿನ ಸ್ವರೂಪ. ವಸ್ತುವನ್ನು ಕಂಡಾಗಲೇ ಅದು ಉಳಿದದ್ದೆಲ್ಲಕ್ಕಿಂತ ಬೇರೆ ಎಂದು ಸಾಮಾನ್ಯವಾಗಿ ಕಂಡಂತಾಯಿತು. ‘ಇಂಥದ್ದಕ್ಕಿಂತ ಬೇರೆ’ ಎಂಬ ಹೋಲಿಕೆ ಆಮೇಲಿನ ಕೆಲಸ. ಹೀಗಾದಾಗ ಅನ್ಯೋನ್ಯಾಶ್ರಯ ಬೀಳುವ ಜಾಗವೇ ಇರುವುದಿಲ್ಲ. ಶ್ರೀಪಾದರಾಜರು ಕಲಿಸಿದ್ದೂ, ವ್ಯಾಸತೀರ್ಥರು ಮುಳಬಾಗಿಲಿನಲ್ಲಿ ಕಲಿತು ತಮ್ಮ ಗ್ರಂಥಗಳಲ್ಲಿ ಬಿಡದೆ ಸಮರ್ಥಿಸಿದ್ದೂ ಇದನ್ನೇ. ಮಧ್ವಮತ ಹೇಳುವ ಪಂಚಭೇದಗಳಲ್ಲಿ ಒಂದು ಜಡಕ್ಕೂ ಜಡಕ್ಕೂ ಇರುವ ಭೇದ. ಎರಡು ಪೆಟ್ಟಿಗೆಗಳ ಮಟ್ಟಿಗೆ ನನಗೆ ಬೇಕಾದದ್ದು ಅದೇ.

ನಾನು ಈ ಪಕ್ಷಕ್ಕೆ ಬರಲು ಒಂದು ಕಾರಣ ಚಿಪ್ಪಿನೊಳಗೇ ಇದೆ. ನೋಡಿಗೆ ಕರೆಂಟು ಕೊಟ್ಟ ಕ್ಷಣದಲ್ಲಿ ಅದರ ಸ್ಮೃತಿಕೋಶಗಳಲ್ಲಿ ಇನ್ನೂ ಯಾರೂ ಏನೂ ಬರೆದಿರುವುದಿಲ್ಲ. ಆದರೂ ಪ್ರತಿ ಕೋಶವೂ 0 ಕಡೆಗೋ 1ರ ಕಡೆಗೋ ವಾಲುತ್ತದೆ. ಸಿಲಿಕಾನ್ ಅಚ್ಚಾಗುವಾಗ ಕಣ್ಣಿಗೆ, ಕೈಗೆ, ಕಾರ್ಖಾನೆಯ ಹತೋಟಿಗೆ ಸಿಗದಷ್ಟು ಸಣ್ಣ ಏರುಪೇರು ಇದಕ್ಕೆ ಕಾರಣ. ಸಾವಿರಾರು ಕೋಶಗಳ ಈ ವಾಲುವಿಕೆ ಒಟ್ಟಿನಲ್ಲಿ ಆ ಒಂದು ಚಿಪ್ಪಿನದೇ ಚಹರೆ. ಮತ್ತೆ ಮತ್ತೆ ಆನ್ ಮಾಡಿದರೂ ಬಹುಪಾಲು ಅದೇ ಬರುತ್ತದೆ, ಪಕ್ಕದ ಚಿಪ್ಪಿನಲ್ಲಿ ಬೇರೆ ಬರುತ್ತದೆ. ಈ ಚಹರೆಯನ್ನೇ ಗುರುತಾಗಿ ಬಳಸುವ ತಂತ್ರವೂ ಇದೆ. ಒಂದೇ ಅಚ್ಚು, ಒಂದೇ ದಿನ, ಒಂದೇ ಕೈ. ಯಾರೂ ಹೆಸರಿಡುವ ಮೊದಲೇ, ಯಾರೂ ಎಣಿಸುವ ಮೊದಲೇ, ಅವು ಬೇರೆ. ಇತಾಯಿ, ರೋಡೆ ಹೇಳಿದ ಚೀಟಿ ಎತ್ತುವುದಕ್ಕೆ ನಿಜವಾದ ಚಿಪ್‌ಗಳು ಆಶ್ರಯಿಸುವುದೂ ಈ ದ್ರವ್ಯವನ್ನೇ, ಅದರೊಳಗಿನ ವಿದ್ಯುತ್ತಿನ ನಡುಕವನ್ನೇ. ‘ಎಲ್ಲಿಂದಲೋ ಬರುವ’ ಭೇದ ಕೊನೆಗೆ ಬರುವುದು ವಸ್ತುವಿನಿಂದಲೇ.

ಇದರಿಂದ ಅದ್ವೈತ ಸೋತಿತು ಎಂದು ನಾನು ಹೇಳುವುದಿಲ್ಲ. ಆವಣಿಯ ಯಾವ ವಿದ್ವಾಂಸರೂ ವ್ಯವಹಾರದಲ್ಲಿ ಎರಡು ನೋಡ್ ಇಲ್ಲ ಎನ್ನುವುದಿಲ್ಲ. ಅವರು ಹೇಳುವುದು ಪರಮಾರ್ಥದ ಮಾತು, ಅಲ್ಲಿಗೆ ನನ್ನ ಮಲ್ಟಿಮೀಟರ್ ತಲುಪುವುದಿಲ್ಲ. ನಾನು ಹೇಳುವುದು ಇಷ್ಟು: ಭೇದವೆಂದರೆ ಬರೀ ಹೆಸರು ಎಂದು ಒಪ್ಪಿದವರ ಊರಿನಲ್ಲಿ ಹೆಸರು ಕೊಡುವವರ ಕೈ ತೀರಾ ದೊಡ್ಡದಾಗುತ್ತದೆ. ಅದು ನನಗೆ ಭಯ.

ಜಿಗ್‌ಬೀ ಎಂಬ ಜಾಲದಲ್ಲಿ ಈ ಭಯದ ಒಂದು ರೂಪ ನೋಡಿದ್ದೇನೆ. ಅದರ ಹಳೆಯ ಪದ್ಧತಿಯಲ್ಲಿ ವಿಳಾಸಗಳು ವಂಶವೃಕ್ಷದಂತೆ ಇಳಿಯುತ್ತವೆ. ಮೂಲ ನೋಡ್ 0. ಒಬ್ಬರಿಗೆ ನಾಲ್ಕೇ ಮಕ್ಕಳು, ಮೂರೇ ತಲೆಮಾರು ಎಂದು ಮೊದಲೇ ಗೊತ್ತುಮಾಡಿದರೆ ಮೂಲದ ಮಕ್ಕಳು 1, 22, 43, 64. 1ರ ಮಕ್ಕಳು 2, 7, 12, 17. ವಿಳಾಸ ನೋಡಿದರೆ ಸಾಕು, ಯಾರ ಮಗ, ಯಾವ ಕವಲು ಎಂದು ಹೇಳಬಹುದು. ಯಾರನ್ನೂ ಕೇಳದೆ ತಂದೆಯೇ ಮಗನಿಗೆ ನಂಬರು ಕೊಡಬಹುದು, ಎರಡು ಬಾರಿ ಒಂದೇ ನಂಬರು ಬೀಳುವ ಹೆದರಿಕೆಯೂ ಇಲ್ಲ. ಆದರೆ ಒಬ್ಬ ತಂದೆಯ ಪಾಲಿನ ನಾಲ್ಕೂ ಮುಗಿದ ಮೇಲೆ ಪಕ್ಕದಲ್ಲೇ ಇನ್ನೊಂದು ನೋಡ್ ನೆಟ್ಟರೆ ಅದಕ್ಕೆ ನಂಬರಿಲ್ಲ. ಬೇರೆ ಕವಲಿನಲ್ಲಿ ಎಷ್ಟೋ ನಂಬರು ಖಾಲಿ ಬಿದ್ದಿರುತ್ತವೆ, ಇದಕ್ಕೆ ಸಿಗುವುದಿಲ್ಲ. ಈ ವಿದ್ಯೆಯಲ್ಲಿ ಅದನ್ನು ಅನಾಥ ನೋಡ್ ಎಂದೇ ಕರೆಯುತ್ತಾರೆ. ಅದರ ಕಡ್ಡಿ ಮಣ್ಣಿನಲ್ಲಿದೆ, ತೇವ ಅಳೆಯುತ್ತಿದೆ, ಬ್ಯಾಟರಿ ಸವೆಯುತ್ತಿದೆ. ಹುಟ್ಟಿದ ಕವಲು ಸರಿಯಿಲ್ಲ ಎಂಬುದೊಂದೇ ಅದರ ಕೊರತೆ. ಕುಲದ ಲೆಕ್ಕ ಇಂದಿಗೂ ಬಿಡದ ನಾಡಿನಲ್ಲಿ ಬೆಳೆದ ನನಗೆ ಇದನ್ನು ಬರಿಯ ತಾಂತ್ರಿಕ ತೊಡಕು ಎಂದು ಓದಲು ಆಗಲಿಲ್ಲ. ಮುಂದೆ 2007ರ ಪರಿಷ್ಕರಣೆಯಲ್ಲಿ ಪ್ರತಿ ನೋಡಿನ ನಂಬರನ್ನು ಯಾದೃಚ್ಛಿಕವಾಗಿ ಎತ್ತುವ, ಡಿಕ್ಕಿಯಾದರೆ ಬದಲಿಸುವ ರೀತಿಯೂ ಬಂತು. 65,000ಕ್ಕೂ ಮಿಕ್ಕಿ ನಂಬರುಗಳಿದ್ದರೂ ಸುಮಾರು 300 ನೋಡ್ ಸೇರುವಷ್ಟರಲ್ಲಿ ಎಲ್ಲೋ ಎರಡಕ್ಕೆ ಒಂದೇ ಬೀಳುವ ಸಂಭವ ಅರ್ಧಕ್ಕರ್ಧ. ಆದರೂ ಅನಾಥರನ್ನು ಬಿಡುವುದಕ್ಕಿಂತ ಡಿಕ್ಕಿಯನ್ನು ಸರಿಪಡಿಸುವ ಕೆಲಸವೇ ಮೇಲು ಎಂದು ನನ್ನ ಮತ.

ಮನುಷ್ಯರ ಜಾಲದಲ್ಲೂ ಇದೇ ನಡೆಯುತ್ತಿದೆ. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ತೆಂಭ್ಲಿಯಲ್ಲಿ ಮೊದಲ ಆಧಾರ್ ನಂಬರು ಕೊಟ್ಟರು. 12 ಅಂಕಿ; ಅದರಲ್ಲಿ ಜಾತಿ, ಊರು, ಹುಟ್ಟು ಯಾವುದರ ಸುಳಿವೂ ಇಲ್ಲ. ಅದು ಒಳ್ಳೆಯದೇ. ಆದರೆ ನಂಬರನ್ನು ಮನುಷ್ಯರಿಗೆ ಕಟ್ಟಲು ಬೆರಳನ್ನು ಹಿಡಿದರು. ಜೀವಮಾನವೆಲ್ಲ ರಾಗಿ ಕೊಯ್ದು, ಹಿಪ್ಪುನೇರಳೆ ಸೊಪ್ಪು ಬಿಡಿಸಿ, ಪಾತ್ರೆ ಉಜ್ಜಿದ ಮುದುಕಿಯ ಬೆರಳಿನ ಗೆರೆ ಸವೆದಿರುತ್ತದೆ. ರೇಷನ್ ಯಂತ್ರ ಅವಳನ್ನು ‘ಇವಳಲ್ಲ’ ಎನ್ನುತ್ತದೆ. ಹಿಂದೆ ನಿಂತವರೆಲ್ಲ ಅವಳನ್ನು ಹೆಸರು ಹಿಡಿದು ಬಲ್ಲರು. ಯಂತ್ರ ಬಲ್ಲದು ಎಂದಾಗಲೇ ಅಕ್ಕಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2018ರ ತೀರ್ಪು ಆಧಾರನ್ನು ಉಳಿಸಿ ಅದರ ಕೈ ಎಲ್ಲೆಲ್ಲಿ ಚಾಚಬಾರದು ಎಂದು ಗೆರೆ ಎಳೆಯಿತು. ಅದ್ವೈತ ಆ ಮುದುಕಿಯನ್ನು ಕಡೆಗಣಿಸುತ್ತದೆ ಎಂದು ಯಾರೂ ಹೇಳಲಾರರು, ಅವಳಲ್ಲಿ ಬ್ರಹ್ಮವನ್ನೇ ಕಾಣು ಎನ್ನುತ್ತದೆ ಅದು. ಆದರೆ ಕ್ಯೂನಲ್ಲಿ ನಿಂತ ಅವಳಿಗೆ ತನ್ನನ್ನು ತಾನೆಂದೇ, ಈ ಒಬ್ಬಳೆಂದೇ ಗುರುತಿಸುವವರು ಬೇಕು. ಯಂತ್ರ ಒಪ್ಪದಿದ್ದರೂ ಅವಳ ಅವಳತನ ಕಳೆಯುವುದಿಲ್ಲ ಎನ್ನಲು ನನಗೆ ಗಟ್ಟಿ ನೆಲ ಕೊಡುವುದು ಸ್ವರೂಪಭೇದದ ಮಾತು. ಗುರುತಿಸಲಾರದ್ದು ಯಂತ್ರದ ಕೊರತೆ, ತಿದ್ದಿಕೊಳ್ಳಬೇಕಾದ್ದು ಅದು.

ದೇವರ ಮುಂದೆ ನಿಂತಾಗಲೂ ನಾವು ವಿಳಾಸ ಹೇಳುತ್ತೇವೆ. ಸಂಕಲ್ಪ ಮಾಡುವಾಗ ದ್ವೀಪದಿಂದ ಹಿಡಿದು ವರ್ಷ, ಖಂಡ, ನದೀತೀರ, ಸಂವತ್ಸರ, ತಿಥಿ, ಗೋತ್ರ, ನಕ್ಷತ್ರ, ಕೊನೆಗೆ ಹೆಸರು. ಎಲ್ಲವನ್ನೂ ಬಲ್ಲವನಿಗೆ ಇದೇಕೆ ಬೇಕು ಎಂದು ಚಿಕ್ಕಂದಿನಲ್ಲಿ ತಾತನನ್ನು ಕೇಳಿದ್ದೆ. ‘ಅವನಿಗಲ್ಲ, ನಿನಗೆ’ ಎಂದಿದ್ದರು. ಆ ಉತ್ತರ ಈಗ ನನಗೆ ಸಾಲುವುದಿಲ್ಲ. ಸೆನ್ಸರ್ ಜಾಲಗಳಲ್ಲಿ ವಿಳಾಸವೇ ಬೇಡವೆನ್ನುವ ಒಂದು ಪದ್ಧತಿಯೂ ಇದೆ, 2000ರಲ್ಲಿ ಡೆಬೊರಾ ಎಸ್ಟ್ರಿನ್ ಮತ್ತು ಸಂಗಡಿಗರು ಮುಂದಿಟ್ಟದ್ದು. ಅಲ್ಲಿ ಕೇಳುವವರು ಯಾರನ್ನೂ ನಂಬರಿನಿಂದ ಕರೆಯುವುದಿಲ್ಲ. ‘ತೇವ ಇಷ್ಟಕ್ಕಿಂತ ಕಡಿಮೆ ಇರುವವರು ಹೇಳಿ’ ಎಂದು ಜಾಲದ ತುಂಬ ಕೇಳುತ್ತಾರೆ. ಒಣಗಿದವರು ಮಾತ್ರ ಉತ್ತರಿಸುತ್ತಾರೆ, ಉತ್ತರ ಕೇಳಿದವರ ಕಡೆಗೆ ಕೈಯಿಂದ ಕೈಗೆ ಹರಿದು ಬರುತ್ತದೆ. ಭಗವಂತ ಕೇಳುವುದಿದ್ದರೆ ಹೀಗೇ ಕೇಳುತ್ತಾನೆ ಎಂದು ನಾನು ನಂಬಿದ್ದೇನೆ. ಗೋತ್ರ ಗೊತ್ತಿಲ್ಲದವರೂ, ನಕ್ಷತ್ರ ಮರೆತವರೂ ಆ ಕರೆಗೆ ಓಗೊಡಬಹುದು. ಎಷ್ಟೋ ಅರ್ಚಕರು ಗೋತ್ರ ತಿಳಿಯದವರಿಗೆ ಒಂದು ಗೋತ್ರ ಹೇಳಿ ಮುಂದುವರಿಯುತ್ತಾರೆ, ಪೂಜೆ ನಿಲ್ಲುವುದಿಲ್ಲ. ಅದು ಸರಿ ಎಂದೇ ನನ್ನ ಭಾವನೆ.

ಹಾಗೆಂದು ಹೆಸರೇ ಬೇಡ ಎನ್ನಲಾರೆ. ಒಣಗಿದ ಹೊಲ ಎಲ್ಲೋ ಇದೆ ಎಂದು ತಿಳಿದರೆ ಸಾಲದು, ನೀರು ಬಿಡಬೇಕಾದರೆ ಯಾವ ವಾಲ್ವ್ ಎಂದು ತಿಳಿಯಬೇಕು. ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ನೋಡಿನ ಎದುರು ಕಿರುನಂಬರು, ಚಿಪ್ಪಿನ ಉದ್ದ ನಂಬರು, ಜಮೀನಿನ ಸರ್ವೆ ನಂಬರು, ಜೊತೆಗೆ ಆ ಹೊಲದವರು ಕರೆಯುವ ಹೆಸರು ಬರೆಯುತ್ತೇವೆ. 23ರಲ್ಲಿ ಒಂದು ‘ಕಟ್ಟೆ ಕೆಳಗಿಂದು’ ಎಂದಾಯಿತು, ಇನ್ನೊಂದು ‘ದಿನ್ನೆದು’ ಎಂದಾಗಿ 58ನೇ ನಂಬರು ಪಡೆಯಿತು. ಬದಲಾಯಿಸುವಾಗ ಅದರ ಎಣಿಕೆ ಅಳಿಸದಂತೆ ನೋಡಿಕೊಂಡೆವು. ಹೊಸ ಹೆಸರಿನಲ್ಲೂ ಅದು ತಾನು ನಿಲ್ಲಿಸಿದ ಕಡೆಯಿಂದಲೇ ಎಣಿಸಿತು.

ದಾಸರ ಅಂಕಿತದಲ್ಲಿ ಕರೆಯುವ ಹೆಸರಿಗೆ ಇನ್ನೊಂದು ರೀತಿ ಸಿಗುತ್ತದೆ. ಶ್ರೀಪಾದರಾಜರ ಪದಗಳ ಕೊನೆಯಲ್ಲಿ ಅವರ ಹೆಸರಿಲ್ಲ, ‘ರಂಗವಿಠಲ’ ಎಂದಿರುತ್ತದೆ. ವ್ಯಾಸರಾಯರದರಲ್ಲಿ ‘ಸಿರಿಕೃಷ್ಣ’, ಪುರಂದರದಾಸರದರಲ್ಲಿ ‘ಪುರಂದರವಿಠಲ’, ಕನಕದಾಸರದರಲ್ಲಿ ‘ಕಾಗಿನೆಲೆಯಾದಿಕೇಶವ’. ಬರೆದವರು ತಮ್ಮ ಗುರುತಿನ ಜಾಗದಲ್ಲಿ ತಲುಪಬೇಕಾದವನ ಹೆಸರು ಬರೆದಿದ್ದಾರೆ. ತಲುಪಬೇಕಾದವನು ಎಲ್ಲರಿಗೂ ಒಬ್ಬನೇ. ಆದರೂ ಐದು ಶತಮಾನ ಕಳೆದು, ತಾಳೆಗರಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಭಜನೆಯ ಮನೆಗಳಿಗೆ ಬಂದರೂ, ಕೊನೆಯ ಸಾಲು ಕೇಳಿ ಇದು ಯಾರ ಪದ ಎಂದು ಹೇಳುತ್ತೇವೆ. ಒಬ್ಬನನ್ನೇ ಕರೆದವರು, ಕರೆದ ರೀತಿಯಿಂದಲೇ ಒಬ್ಬರಿಗಿಂತ ಒಬ್ಬರು ಬೇರೆಯಾಗಿ ಉಳಿದಿದ್ದಾರೆ. ಇದನ್ನು ತಾತನ ಮುಂದೆ ಇಟ್ಟು ಅವರ ಉತ್ತರ ಕೇಳುವ ಅವಕಾಶ ನನಗೆ ಸಿಗಲಿಲ್ಲ. ಆವಣಿಯಲ್ಲಿ ಓದಿದವರು ಯಾರಾದರೂ ಉತ್ತರಿಸುವುದಾದರೆ ಕೇಳಲು ಕಾದಿದ್ದೇನೆ.